ಬಾವಿಯ ಆಮೆ, ದೇವರ ಕೊಳ ಮತ್ತು ಒಂದು ಗಾಡಿ ಮರಳು

  ಇವತ್ತಿನ ಇತಿಹಾಸದಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಆಮೆಗಳಿವೆ. ಸಿಹಿನೀರಿನ ಆಮೆಗಳು.

ಮೊದಲು ನಮ್ಮ ಅಜ್ಜಿ ಮನೆ ಬಾವಿಯಿಂದ ಶುರು ಮಾಡ್ತೀನಿ. ತಿಪಟೂರಿನ ಹತ್ತಿರ ಒಂದು ಹಳ್ಳಿ. ಹಿತ್ತಲಲ್ಲಿ ಕಲ್ಲು ಕಟ್ಟಿದ ಸೇದೋ ಬಾವಿ. ಆ ಬಾವಿಯಲ್ಲಿ ಒಂದು ಆಮೆ ಇತ್ತು. ಮಳೆಗಾಲದಲ್ಲಿ ಗದ್ದೆ ಬದುವಿನಲ್ಲಿ ಸಿಕ್ಕಿದ್ದನ್ನ ತಾತ ತಂದು ಬಿಟ್ಟಿದ್ದರಂತೆ. "ಆಮೆ ಇದ್ರೆ ನೀರು ತಿಳಿಯಾಗಿರುತ್ತೆ ಕಣೋ, ಹುಳ ಹುಪ್ಪಟೆ ತಿಂದ್ಕೊಂಡು ಇರುತ್ತೆ" ಅಂತ ಅಜ್ಜಿ ಹೇಳೋರು. ನಮ್ಮಲ್ಲಿ ಎಷ್ಟೋ ಊರುಗಳಲ್ಲಿ ಇದು ರೂಢಿ. ಬೇಸಿಗೆ ರಜೆಗೆ ಹೋದಾಗೆಲ್ಲ ನಾನು ಬಾವಿಕಟ್ಟೆ ಮೇಲೆ ಬಗ್ಗಿ ಮುದ್ದೆ ಚೂರು ಹಾಕ್ತಿದ್ದೆ. ಒಂದು ಕಪ್ಪು ಮೂತಿ ಮೇಲೆ ಬರೋದು, ಉಸಿರು ತಗೊಂಡು ಮತ್ತೆ ಮುಳುಗೋದು. ನಾನು ಒಂದನೇ ಕ್ಲಾಸಲ್ಲಿದ್ದಾಗಲೂ ಅದು ಅಲ್ಲಿತ್ತು, ಪಿಯುಸಿಗೆ ಬಂದಾಗಲೂ ಅಲ್ಲೇ ಇತ್ತು.

ನಾವು ಅದನ್ನ ಚೆನ್ನಾಗಿ ಸಾಕಿದ್ದೀವಿ ಅಂತಲೇ ಅಂದ್ಕೊಂಡಿದ್ವಿ. ಅದು ಬದುಕಿತ್ತಲ್ಲ, ಇನ್ನೇನು ಬೇಕು? ಈ ಪ್ರಶ್ನೆಯನ್ನ ಹಾಗೇ ಇಟ್ಕೊಂಡಿರಿ. ಈಗ ನಾನು ನಿಮ್ಮನ್ನ ತಿಪಟೂರಿನಿಂದ ಬಾಂಗ್ಲಾದೇಶಕ್ಕೆ ಕರ್ಕೊಂಡು ಹೋಗ್ತೀನಿ, ಇನ್ನೊಂದು ನೀರಿನ ಹತ್ತಿರಕ್ಕೆ.

ಚಿತ್ತಗಾಂಗ್ ನಗರ. ಅಲ್ಲಿ ಗುಡ್ಡದ ಮೇಲೆ ಸೂಫಿ ಸಂತ ಬಾಯಜಿದ್ ಬೊಸ್ತಾಮಿಯ ಹೆಸರಿನ ದರ್ಗಾ ಇದೆ. ಬೊಸ್ತಾಮಿ 9ನೇ ಶತಮಾನದಲ್ಲಿ ಇರಾನಿನಲ್ಲಿದ್ದ ಸಂತ. ಗುಡ್ಡದ ಬುಡದಲ್ಲಿ ಒಂದು ದೊಡ್ಡ ಕೊಳ, ಕೊಳದ ತುಂಬ ದೊಡ್ಡ ದೊಡ್ಡ ಕಪ್ಪು ಆಮೆಗಳು. ಗಟ್ಟಿ ಚಿಪ್ಪಿನವಲ್ಲ, ಬೆನ್ನ ಮೇಲೆ ಚರ್ಮ ಹೊದಿಸಿದ ಹಾಗಿರೋ ಮೆದುಚಿಪ್ಪಿನ ಆಮೆಗಳು. ಊರಿನವರು ಹೇಳೋ ಕಥೆ ಏನಂದ್ರೆ, ಇವು ಒಂದು ಕಾಲದಲ್ಲಿ ಜನರನ್ನ ಕಾಡ್ತಿದ್ದ ದುಷ್ಟ ಜಿನ್‌ಗಳು. ಸಂತರು ಅವನ್ನ ಆಮೆ ಮಾಡಿ ಕೊಳಕ್ಕೆ ಬಿಟ್ಟರು. ಹಾಗಾಗಿ ಅವನ್ನ ಯಾರೂ ಹಿಡಿಯೋ ಹಾಗಿಲ್ಲ, ಕೊಲ್ಲೋ ಹಾಗಿಲ್ಲ. ಭಕ್ತರು ಬರ್ತಾರೆ, ಬ್ರೆಡ್ಡು ಬಾಳೆಹಣ್ಣು ತಿನ್ನಿಸ್ತಾರೆ, ಹರಕೆ ಹೇಳ್ಕೊಂಡು ಹೋಗ್ತಾರೆ.

ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ ಆಗ ಜಾನ್ ಆಂಡರ್ಸನ್ ಅನ್ನೋ ಸ್ಕಾಟಿಷ್ ಪ್ರಾಣಿಶಾಸ್ತ್ರಜ್ಞ ಇದ್ದರು. 1875ರಲ್ಲಿ ಅವರು ಈ ಕೊಳದ ಆಮೆಯನ್ನ ಹೊಸ ಜಾತಿ ಅಂತ ಗುರುತಿಸಿ ಬರೆದರು. ಈಗ ಅದರ ವೈಜ್ಞಾನಿಕ ಹೆಸರು ನಿಲ್ಸೋನಿಯಾ ನೈಗ್ರಿಕನ್ಸ್, ನಮ್ಮ ಮಾತಲ್ಲಿ ಕಪ್ಪು ಮೆದುಚಿಪ್ಪಿನ ಆಮೆ. ವಿಚಿತ್ರ ಏನಂದ್ರೆ, ಆಮೇಲೆ ಸುಮಾರು ನೂರಿಪ್ಪತ್ತೈದು ವರ್ಷ ವಿಜ್ಞಾನಕ್ಕೆ ಈ ಜಾತಿಯ ವಿಳಾಸ ಅಂತ ಗಟ್ಟಿಯಾಗಿ ಗೊತ್ತಿದ್ದದ್ದು ಅದೊಂದೇ ಕೊಳ. ಒಂದು ಇಡೀ ಜೀವಜಾತಿ, ಒಂದು ದರ್ಗಾದ ಕೊಳ. 2002ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಇದನ್ನ "ಕಾಡಿನಲ್ಲಿ ಅಳಿದುಹೋಗಿದೆ" ಅಂತ ಘೋಷಿಸಿತು. ಅಂದ್ರೆ ಮನುಷ್ಯರ ಕೈಯಲ್ಲಿ ಮಾತ್ರ ಉಳಿದಿದೆ ಅಂತ ಅರ್ಥ.

ಆದರೆ 2007ರಲ್ಲಿ ಕಥೆ ತಿರುಗಿತು. ಆಸ್ಟ್ರಿಯಾದ ಆಮೆ ತಜ್ಞ ಪೀಟರ್ ಪ್ರಾಶಾಗ್ ಮತ್ತು ಅವರ ಜೊತೆಗಾರರು ಡಿಎನ್‌ಎ ಹೋಲಿಸಿ ನೋಡಿ, ಇದೇ ಜಾತಿ ಅಸ್ಸಾಮಿನಲ್ಲಿ ಇನ್ನೂ ಬಯಲಲ್ಲಿ ಬದುಕಿದೆ ಅಂತ ತೋರಿಸಿದರು. ಅಸ್ಸಾಮಿನ ದೇವಸ್ಥಾನದ ಕೊಳಗಳಲ್ಲೂ ಇದೇ ಆಮೆ ಇತ್ತು. ನೋಡಿ, ಗಡಿಯ ಆ ಕಡೆ ದರ್ಗಾ, ಈ ಕಡೆ ದೇವಸ್ಥಾನ. ಎರಡೂ ಕಡೆ ಜನ ಬೇರೆ ಬೇರೆ ಹೆಸರಲ್ಲಿ ಕೈ ಮುಗೀತಾ ಒಂದೇ ಆಮೆಯನ್ನ ಕಾಯ್ತಾ ಇದ್ದರು. ಒಬ್ಬರಿಗೂ ಇನ್ನೊಬ್ಬರ ಸುದ್ದಿ ಗೊತ್ತಿರಲಿಲ್ಲ.

ಇಷ್ಟು ಕೇಳಿದ್ರೆ ಹಾಯಾಗಿರುತ್ತೆ ಅಲ್ವಾ? ಭಕ್ತಿ ಆಮೆಯನ್ನ ಉಳಿಸಿತು, ಕಥೆ ಮುಗೀತು ಅಂತ. ಇಲ್ಲ, ಕಥೆ ಇಲ್ಲಿಂದ ಕಷ್ಟ ಆಗುತ್ತೆ.

ಆಮೆಗಳು ಕೊಳದಲ್ಲಿ ಉಳೀಬೇಕಾದ ಗತಿ ಯಾಕೆ ಬಂತು? ನದಿಗಳಲ್ಲಿ ಅವನ್ನ ಉಳಿಸಲಿಲ್ಲವಾದ್ದರಿಂದ. ಮಾಂಸಕ್ಕೆ, ಮೊಟ್ಟೆಗೆ ಹಿಡಿಯೋದು ಹಿಂದಿನಿಂದಲೂ ಇತ್ತು. 1990ರ ದಶಕದಲ್ಲಿ ಚೀನಾದ ಮಾರುಕಟ್ಟೆಗೆ ಆಗ್ನೇಯ ಏಷ್ಯಾದ ನದಿಗಳಿಂದ ಆಮೆಗಳು ಟನ್‌ಗಟ್ಟಲೆ ಹೋಗೋಕೆ ಶುರುವಾದವು. 2001ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್ ಅಧಿಕಾರಿಗಳು ಒಂದೇ ಸಲಕ್ಕೆ ಸುಮಾರು 10,000 ಜೀವಂತ ಆಮೆಗಳನ್ನ ವಶಪಡಿಸಿಕೊಂಡರು. ಅವನ್ನೆಲ್ಲ ಎಲ್ಲಿ ಇಡೋದು? ಹಾಂಗ್‌ಕಾಂಗಿನ ಕಡೂರಿ ಫಾರ್ಮ್‌ನಲ್ಲಿ ಆರೈಕೆ ಮಾಡಿ, ಸಾವಿರಾರು ಆಮೆಗಳನ್ನ ಅಮೆರಿಕ, ಯುರೋಪಿಗೆ ವಿಮಾನದಲ್ಲಿ ಕಳಿಸಬೇಕಾಯಿತು. ಏಷ್ಯಾದ ಆಮೆಗಳನ್ನ ಉಳಿಸಬೇಕಾದರೆ ಸೆರೆಯಲ್ಲಿ ಸಾಕಿ ಮರಿ ಮಾಡಿಸದೆ ಬೇರೆ ದಾರಿಯಿಲ್ಲ ಅಂತ ಎಷ್ಟೋ ತಜ್ಞರಿಗೆ ಮನದಟ್ಟಾದ ಕಾಲ ಅದು.

ಅದೇ ಹೊತ್ತಿಗೆ ಮ್ಯಾನ್ಮಾರ್‌ನಲ್ಲಿ ಏನಾಯಿತು ಕೇಳಿ. ಬರ್ಮೀಸ್ ರೂಫ್ಡ್ ಟರ್ಟಲ್ ಅಂತ ಒಂದು ಆಮೆ. ಬೆನ್ನು ಮನೆಯ ಮಾಡಿನ ಹಾಗೆ ನಡುವೆ ಏರಿರುತ್ತೆ, ಅದಕ್ಕೇ ಆ ಹೆಸರು. ಗಂಡಿನ ಬೆನ್ನ ಮೇಲೆ ಮೂರು ಕಪ್ಪು ಪಟ್ಟೆ. ಇರಾವತಿ, ಚಿಂಡ್ವಿನ್ ನದಿಗಳಲ್ಲಿ ಒಂದು ಕಾಲಕ್ಕೆ ಬೇಕಾದಷ್ಟಿತ್ತು. ಆಮೇಲೆ ಎಷ್ಟೋ ವರ್ಷ ಯಾವ ಸಂಶೋಧಕರ ಕಣ್ಣಿಗೂ ಬೀಳದೆ, ಅಳಿದೇಹೋಯಿತು ಅಂತ ತಜ್ಞರು ಕೈಚೆಲ್ಲಿದ್ದರು. 2000ದ ದಶಕದ ಶುರುವಿನಲ್ಲಿ ಒಂದು ಹಳ್ಳಿಯಲ್ಲಿ ಅದರ ಚಿಪ್ಪು ಸಿಕ್ಕಿತು. ಹಳೇ ಚಿಪ್ಪಲ್ಲ, ಇತ್ತೀಚೆಗೆ ಕೊಂದು ತಿಂದ ಆಮೆಯದ್ದು. ಅಂದ್ರೆ ಎಲ್ಲೋ ಇದೆ! ಹುಡುಕ್ತಾ ಹೋದವರಿಗೆ ಜೀವಂತ ಆಮೆಗಳು ಕಂಡದ್ದು ಎಲ್ಲಿ ಗೊತ್ತಾ? ಮಂಡಲೆ ನಗರದಲ್ಲಿ, ಒಂದು ಬೌದ್ಧ ಪಗೋಡದ ಕೊಳದಲ್ಲಿ. ಯಾರೋ ಪುಣ್ಯ ಬರಲಿ ಅಂತ ಬಿಟ್ಟಿದ್ದವು. ಜಗತ್ತು ಕಳೆದುಹೋಯಿತು ಅಂತ ಅಂದುಕೊಂಡಿದ್ದ ಆಮೆಗಳು ಭಕ್ತರು ಎಸೆದದ್ದನ್ನ ತಿಂದ್ಕೊಂಡು ಅಲ್ಲಿ ಈಜ್ತಾ ಇದ್ದವು.

ಮೂರನೇ ಕೊಳ ನಮ್ಮದೇ ದೇಶದ್ದು. ಸುಂದರಬನದ ಸಜನೇಖಾಲಿ, ಪಶ್ಚಿಮ ಬಂಗಾಳದ ಅರಣ್ಯ ಇಲಾಖೆಯ ಜಾಗ. ಅಲ್ಲಿನ ನದೀಮುಖದ ಆಮೆ ಬಾಟಾಗುರ್ ಬಾಸ್ಕಾ, ಜಗತ್ತಿನ ಅತಿ ಅಪರೂಪದ ಆಮೆಗಳಲ್ಲಿ ಒಂದು. ನದಿಗಳಲ್ಲಿ ಅದು ಕಾಣೋದೇ ನಿಂತುಹೋಗಿತ್ತು. 2008ರಲ್ಲಿ ಇಲಾಖೆಯವರೂ ಆಮೆ ತಜ್ಞರೂ ಸೇರಿ ಸಜನೇಖಾಲಿಯ ಕೊಳ ತಪಾಸಣೆ ಮಾಡಿದಾಗ, ಅದರೊಳಗೆ ಸುಮಾರು ಒಂದು ಡಜನ್ ಬಾಸ್ಕಾಗಳು ಸಿಕ್ಕವು. ಅವುಗಳಲ್ಲಿ ಹೆಣ್ಣು ಮೂರೇ ಮೂರು. ವರ್ಷಗಳ ಹಿಂದೆ ತಂದು ಬಿಟ್ಟವು, ಬೆಳೆದು ದೊಡ್ಡವಾಗಿದ್ದವು. ಪ್ರವಾಸಿಗರು ಪಕ್ಕದಲ್ಲೇ ಓಡಾಡ್ತಾ ಇದ್ದರು.

ಈಗ ನನ್ನ ಅಜ್ಜಿ ಮನೆ ಬಾವಿಯನ್ನ ನೆನಪಿಸಿಕೊಳ್ಳಿ. ಮಂಡಲೆಯ ಪಗೋಡ, ಸಜನೇಖಾಲಿಯ ಕೊಳ, ತಿಪಟೂರಿನ ಬಾವಿ. ಮೂರರಲ್ಲೂ ಆಮೆ ಬದುಕಿತ್ತು. ಮೂರರಲ್ಲೂ ಆಮೆಯ ವಂಶ ನಿಂತುಹೋಗಿತ್ತು. ಕಾರಣ ಏನು ದೊಡ್ಡದಲ್ಲ. ಮರಳು.

ಆಮೆ ಎಷ್ಟೇ ನೀರಿನ ಪ್ರಾಣಿ ಆದರೂ ಮೊಟ್ಟೆ ಇಡೋದು ನೆಲದ ಮೇಲೆ. ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು, ಹಿಂಗಾಲಲ್ಲಿ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತೆ. ಅಷ್ಟಕ್ಕೆ ಒಣ ಮರಳೋ ಸಡಿಲ ಮಣ್ಣೋ ಬೇಕು. ಕಲ್ಲು ಕಟ್ಟಿದ ಕೊಳದಲ್ಲಿ ಅದು ಎಲ್ಲಿ ಬರಬೇಕು? ನೀರಲ್ಲೇ ಮೊಟ್ಟೆ ಉದುರಿದರೆ ಒಳಗಿನ ಜೀವ ಉಸಿರುಗಟ್ಟಿ ಸಾಯುತ್ತೆ. ಚಿತ್ತಗಾಂಗಿನ ದರ್ಗಾದ ಆಮೆಗಳು ತಲೆಮಾರುಗಟ್ಟಲೆ ಮುಂದುವರಿದದ್ದಕ್ಕೆ ಸಂತರ ಮೇಲಿನ ಭಯಭಕ್ತಿ ಎಷ್ಟು ಕಾರಣವೋ, ಮೊಟ್ಟೆ ಇಡೋಕೆ ದಡದಲ್ಲಿ ಉಳಿದಿದ್ದ ಮಣ್ಣೂ ಅಷ್ಟೇ ಕಾರಣ.

ಅದಕ್ಕೇ ಮ್ಯಾನ್ಮಾರ್‌ನಲ್ಲಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಪಗೋಡದ ಆಮೆಗಳನ್ನ ಮಂಡಲೆಯ ಯಾದನಾಬೊನ್ ಮೃಗಾಲಯಕ್ಕೆ ತಂದು, ಕೊಳದ ಪಕ್ಕ ಮರಳಿನ ದಂಡೆ ಮಾಡಿದ್ದು. ಸಜನೇಖಾಲಿಯಲ್ಲೂ ಅಷ್ಟೇ, ದಡಕ್ಕೆ ಮರಳು ಹಾಕಿದರು. 2012ರಲ್ಲಿ ಅಲ್ಲಿ ಬಾಸ್ಕಾ ಮರಿಗಳು ಹುಟ್ಟಿದವು. ಅದಕ್ಕೆ ಎರಡು ವರ್ಷ ಮೊದಲು, 2010ರಲ್ಲಿ, ಆಗಲೇ ಹೇಳಿದ ಪ್ರಾಶಾಗ್ ಅವರು ಆಸ್ಟ್ರಿಯಾದಲ್ಲಿ ಇದೇ ಜಾತಿಯ ಮರಿ ಮಾಡಿಸಿದ್ದರು. ಬಂಗಾಳದ ಕೆಸರುನದಿಯ ಆಮೆ, ಹಿಮ ಬೀಳೋ ಊರಲ್ಲಿ, ಬಿಸಿ ಮಾಡಿದ ನೀರಿನ ತೊಟ್ಟಿಯಲ್ಲಿ!

ಮರಳು ಹಾಕಿದ್ರೆ ಎಲ್ಲ ಮುಗೀತಾ? ಇಲ್ಲ. ಮೊಟ್ಟೆಯನ್ನ ಎತ್ತಿ ಇನ್‌ಕ್ಯುಬೇಟರ್‌ಗೆ ಇಡುವಾಗ ಕೋಳಿ ಮೊಟ್ಟೆ ಥರ ಹೊರಳಿಸೋ ಹಾಗಿಲ್ಲ. ಭ್ರೂಣ ಒಂದು ಕಡೆ ಅಂಟಿಕೊಂಡಿರುತ್ತೆ, ಮಗುಚಿದ್ರೆ ಸಾಯಬಹುದು. ಮೇಲ್ಭಾಗಕ್ಕೆ ಪೆನ್ಸಿಲಲ್ಲಿ ಗುರುತು ಹಾಕಿ, ಹಾಗೇ ಎತ್ತಿ ಹಾಗೇ ಇಡ್ತಾರೆ. ಇನ್ನೊಂದು ವಿಷಯ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಹಲವು ಜಾತಿಯ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಅನ್ನೋದು ಮರಳಿನ ಬಿಸಿಯಿಂದ ತೀರ್ಮಾನ ಆಗುತ್ತೆ. ಸಾಮಾನ್ಯವಾಗಿ ಬಿಸಿ ಹೆಚ್ಚಾದರೆ ಹೆಣ್ಣು, ತಂಪಾದರೆ ಗಂಡು, ನಡುವಿನ ಅಂತರ ಕೆಲವೇ ಡಿಗ್ರಿ. ಥರ್ಮಾಮೀಟರ್ ನೋಡದೆ ಸಾಕಿದವನ ಕೈಗೆ ನೂರು ಮರಿ ಬಂದು ನೂರೂ ಗಂಡೇ ಆಗಬಹುದು. ಮೆದುಚಿಪ್ಪಿನ ಆಮೆಗಳಲ್ಲಿ ಹಾಗಲ್ಲ, ಅಲ್ಲಿ ನಮ್ಮ ಹಾಗೆ ಕ್ರೋಮೋಸೋಮೇ ತೀರ್ಮಾನ ಮಾಡುತ್ತೆ. ಯಾವ ಆಮೆಯ ಲೆಕ್ಕ ಯಾವುದು ಅಂತ ಗೊತ್ತಿರಬೇಕು. ಯಾವ ತಾಯಿಯ ಮರಿ ಯಾವುದು ಅಂತ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ಅಣ್ಣ ತಂಗಿಯೇ ಜೋಡಿ ಆಗ್ತಾರೆ. ಮತ್ತೆ ಕಾಯಬೇಕು. ಈ ದೊಡ್ಡ ಆಮೆಗಳು ಪ್ರಾಯಕ್ಕೆ ಬರೋಕೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಇವತ್ತು ಮರಿ ಮಾಡಿದವರು ಮೊಮ್ಮರಿ ನೋಡೋ ಹೊತ್ತಿಗೆ ಕೆಲಸದಿಂದ ನಿವೃತ್ತರಾಗಿರ್ತಾರೆ.

ಭಕ್ತಿ ಮತ್ತು ಈ ಲೆಕ್ಕಾಚಾರ ಎರಡೂ ಒಟ್ಟಿಗೆ ಕೂತ ಜಾಗ ಅಂದ್ರೆ ಅಸ್ಸಾಮಿನ ಹಾಜೊ. ಅಲ್ಲಿ ಹಯಗ್ರೀವ ಮಾಧವ ದೇವಸ್ಥಾನ ಇದೆ, ಈಗಿನ ಕಟ್ಟಡ 1583ರಲ್ಲಿ ಕೋಚ್ ರಾಜ ರಘುದೇವ ಕಟ್ಟಿಸಿದ್ದು. ಹಿಂದೂಗಳೂ ಬರ್ತಾರೆ, ಬೌದ್ಧರೂ ಬರ್ತಾರೆ. ಕೊಳದ ಆಮೆಗಳನ್ನ ವಿಷ್ಣುವಿನ ಕೂರ್ಮಾವತಾರ ಅಂತ ನಂಬಿ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಕೊಳದ ಸುತ್ತ ಸಿಮೆಂಟು ಬಂತು, ಮೊಟ್ಟೆ ಇಡೋ ಜಾಗ ಕಮ್ಮಿ ಆಯಿತು. ಬ್ರೆಡ್ಡು ಬಿಸ್ಕತ್ತು ತಿಂದು ಆಮೆಗಳು ಬೇಟೆ ಆಡೋದನ್ನೇ ಮರೆತಿದ್ದವು. ಆಗ ದೇವಸ್ಥಾನದವರೂ ಆಮೆ ತಜ್ಞರೂ ಕೈ ಜೋಡಿಸಿದರು. ಉಳಿದ ಚೂರು ದಡದಲ್ಲಿ ಇಟ್ಟ ಮೊಟ್ಟೆಗಳನ್ನ ದೇವಸ್ಥಾನದ ನೌಕರರೇ ಹುಷಾರಾಗಿ ಎತ್ತಿ ಇನ್‌ಕ್ಯುಬೇಟರ್‌ಗೆ ಇಟ್ಟರು. 2017ರ ಜನವರಿಯಲ್ಲಿ ಮೊದಲ ತಂಡದ 35 ಮರಿಗಳನ್ನ ಪೊಬಿತೊರಾ ಅಭಯಾರಣ್ಯದ ಕಡೆ ಬಯಲು ನೀರಿಗೆ ಬಿಟ್ಟರು. ದೇವರ ಆಮೆಯನ್ನ ದೇವಸ್ಥಾನದಿಂದ ಹೊರಗೆ ಕಳಿಸೋಕೆ ಒಪ್ಪೋದು ಸಣ್ಣ ವಿಷಯ ಅಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದ ಘಟನೆ ಇದು.

ತಡ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಒಂದು ಕಥೆ ಇದೆ. ಅದು ಚೀನಾದ್ದು. ಯಾಂಗ್ಟ್ಸೆ ದೈತ್ಯ ಮೆದುಚಿಪ್ಪಿನ ಆಮೆ, ಸಿಹಿನೀರಿನ ಆಮೆಗಳಲ್ಲೇ ಭಾರಿ ಗಾತ್ರದ್ದು. ಸುಝೌ ಮೃಗಾಲಯದಲ್ಲಿ ಒಂದು ಮುದಿ ಗಂಡು ಇತ್ತು. ಅದಕ್ಕೆ ಜೋಡಿ ಎಲ್ಲೂ ಇಲ್ಲ ಅಂದುಕೊಂಡಿದ್ದರು. ಆಮೇಲೆ ನೋಡಿದ್ರೆ ಚಾಂಗ್ಶಾ ಮೃಗಾಲಯದಲ್ಲಿ ಒಂದು ಹೆಣ್ಣು ಇತ್ತು! ಅದು ಆ ಜಾತಿಯದ್ದು ಅಂತ ಗುರುತಿಸೋ ಹೊತ್ತಿಗೆ 2007 ಆಗಿತ್ತು. 2008ರಲ್ಲಿ ಎರಡನ್ನೂ ಸೇರಿಸಿದರು. ಮೊಟ್ಟೆ ಬಂತು, ಒಂದೂ ಒಡೆದು ಮರಿ ಆಗಲಿಲ್ಲ. ವರ್ಷ ವರ್ಷವೂ ಹೀಗೇ. 2015ರಿಂದ ಕೃತಕ ಗರ್ಭಧಾರಣೆ ಪ್ರಯತ್ನಿಸಿದರು. 2019ರ ಏಪ್ರಿಲ್‌ನಲ್ಲಿ, ಐದನೇ ಪ್ರಯತ್ನದ ಮರುದಿನ ಆ ಹೆಣ್ಣು ಸತ್ತಿತು. ವಿಯೆಟ್ನಾಮಿನ ಹನೋಯ್ ನಗರದ ಹೊವಾನ್ ಕೀಮ್ ಸರೋವರದಲ್ಲಿ ಜನ ಪೂಜ್ಯ ಅಂತ ಕಾಣ್ತಿದ್ದ ಇದೇ ಜಾತಿಯ ಆಮೆ 2016ರ ಜನವರಿಯಲ್ಲೇ ಸತ್ತಿತ್ತು. ಅದೇ ದೇಶದ ಡಾಂಗ್ ಮೊ ಸರೋವರದಲ್ಲಿದ್ದ ಹೆಣ್ಣು 2023ರಲ್ಲಿ ಸತ್ತಿತು. ಈ ಆಮೆಗಳಿಗೆ ಕಾವಲಿತ್ತು, ಗೌರವ ಇತ್ತು. ಜೋಡಿಯನ್ನ ಹೊತ್ತಿಗೆ ಸರಿಯಾಗಿ ಸೇರಿಸಿದವರು ಮಾತ್ರ ಇರಲಿಲ್ಲ.

ಹಾಗಾದ್ರೆ ಗೆದ್ದ ಕಡೆ ಎಲ್ಲ ಸರಿಹೋಯಿತಾ? ಲೆಕ್ಕ ನೋಡಿ. 2020ರ ಹೊತ್ತಿಗೆ ಮ್ಯಾನ್ಮಾರ್‌ನಲ್ಲಿ ಸೆರೆಯಲ್ಲಿ ಬೆಳೆಸಿದ ಬರ್ಮೀಸ್ ರೂಫ್ಡ್ ಆಮೆಗಳು ಸುಮಾರು 1,000. ಚಿಂಡ್ವಿನ್ ನದಿಯಲ್ಲಿ ಉಳಿದ ದೊಡ್ಡ ಹೆಣ್ಣುಗಳು ಐದೋ ಆರೋ. ಅವು ದಂಡೆಯಲ್ಲಿ ಇಟ್ಟ ಮೊಟ್ಟೆಗಳನ್ನ ಹಳ್ಳಿಯವರೇ ಕಾಯ್ತಾರೆ. ಇನ್ನೊಂದು ನದಿಯಲ್ಲಿ, ಅಂದ್ರೆ ಚಿಪ್ಪು ಸಿಕ್ಕ ಹಳ್ಳಿಯ ದೊಕ್ತಾವಡಿಯಲ್ಲಿ, ಯೇವಾ ಅಣೆಕಟ್ಟು ಎದ್ದು ಮರಳದಂಡೆಗಳು ಮುಳುಗಿದವು. ತೊಟ್ಟಿಯಲ್ಲಿ ಸಾವಿರ ಇದ್ದರೂ, ಬಿಡೋಕೆ ನದಿ ಬೇಕಲ್ಲ? ಸುಂದರಬನದಲ್ಲಿ 2022ರ ಜನವರಿಯಲ್ಲಿ 10 ಬಾಸ್ಕಾಗಳ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಅಂಟಿಸಿ ನದಿಗೆ ಬಿಟ್ಟರು. ಕೆಲವು ಈಜ್ತಾ ಈಜ್ತಾ ಗಡಿ ದಾಟಿ ಬಾಂಗ್ಲಾದೇಶಕ್ಕೇ ಹೋದವು, ಅಲ್ಲಿನ ಮೀನುಗಾರರ ಬಲೆಗೂ ಬಿದ್ದವು. ಸಾಕೋದು ಅರ್ಧ ಕೆಲಸ. ಉಳಿದರ್ಧ ನದಿಯಲ್ಲಿದೆ, ಬಲೆ ಹಾಕೋರ ಕೈಯಲ್ಲಿದೆ.

ಇದನ್ನೆಲ್ಲ ಓದ್ತಾ ಇದ್ದಾಗ ನನಗೆ ನಮ್ಮ ಶಿಶಿಲ ನೆನಪಾಯಿತು. ದಕ್ಷಿಣ ಕನ್ನಡದ ಶಿಶಿಲೇಶ್ವರ ದೇವಸ್ಥಾನ, ಪಕ್ಕದಲ್ಲಿ ಕಪಿಲಾ ಹೊಳೆ, ಹೊಳೆಯಲ್ಲಿ ದೇವರ ಮೀನುಗಳು. ಯಾರೂ ಹಿಡಿಯಲ್ಲ, ಅಕ್ಕಿ ಪುರಿ ಹಾಕ್ತಾರೆ. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಆ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕ ಇದೆ. ಹರಿಯೋ ಹೊಳೆಯಲ್ಲಿ ಮೀನು ಮತ್ತೆ ಬಂದವು. ನಿಂತ ಕೊಳದಲ್ಲಿ, ಒಂದೇ ಕೊಳದಲ್ಲಿ, ಒಂದು ಜಾತಿಯನ್ನ ಇಟ್ಟಿದ್ದಾಗ ಹಾಗಾದ್ರೆ? ಅದಕ್ಕೇ ಇವತ್ತು ತಜ್ಞರು ಮರಿಗಳನ್ನ ಎಲ್ಲಾ ಒಂದೇ ಕಡೆ ಇಡಲ್ಲ, ನಾಲ್ಕು ಕಡೆ ಹಂಚಿಡ್ತಾರೆ.

ನಮ್ಮ ನದಿಗಳಲ್ಲೂ ಇಂಥದೊಂದು ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಲೀತ್ ಮೆದುಚಿಪ್ಪಿನ ಆಮೆ. ಚಿತ್ತಗಾಂಗ್ ಆಮೆಯ ಹತ್ತಿರದ ಸಂಬಂಧಿ, ದಕ್ಷಿಣ ಭಾರತದ ನದಿಗಳದ್ದು. ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದ ಸಾಲಿನಲ್ಲಿದೆ. 2022ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಬಿಗಿಯಾದ ಪಟ್ಟಿಗೆ ಅದನ್ನ ಸೇರಿಸಿದರು. ಅದಕ್ಕೆ ದರ್ಗಾದ ಕೊಳ ಇಲ್ಲ, ಜಿನ್ನಿನ ಕಥೆ ಇಲ್ಲ. ಇರೋದು ಹೊಳೆಯ ಮರಳದಂಡೆ ಮಾತ್ರ. ಆ ಮರಳನ್ನ ನಾವು ಏನು ಮಾಡ್ತಾ ಇದ್ದೀವಿ ಅಂತ, ರಾತ್ರಿ ಹೊತ್ತು ಲಾರಿಗಳ ಸದ್ದು ಕೇಳಿದವರಿಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ಅಜ್ಜಿ ಮನೆ ಬಾವಿಗೆ ವಾಪಸ್. ಬೋರ್‌ವೆಲ್ ಬಂದ ಮೇಲೆ ಬಾವಿ ಬತ್ತುತ್ತಾ ಬಂತು. ಮುಚ್ಚೋ ದಿನ ಮಾವ ಇಳಿದು ಆಮೆಯನ್ನ ಬಕೆಟ್ಟಲ್ಲಿ ಮೇಲೆ ತಂದರು. ಅದನ್ನ ಮೊದಲ ಸಲ ಹತ್ತಿರದಿಂದ ನೋಡಿದ್ದು ಅವತ್ತೇ. ಅಜ್ಜಿ ಅದರ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, "ಇಷ್ಟು ವರ್ಷ ನಮ್ಮನೇಲಿತ್ತು, ಹೆಣ್ಣು ಮಗಳನ್ನ ಕಳಿಸಿದ ಹಾಗೆ ಆಗ್ತಿದೆ" ಅಂದ್ರು. ಅದು ಹೆಣ್ಣೇನಾ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹದಿನೈದು ವರ್ಷಕ್ಕೂ ಮಿಕ್ಕಿ ಸಾಕಿದ್ವಿ, ಅದೊಂದನ್ನ ನೋಡಿರಲಿಲ್ಲ. ಮಾವ ಊರ ಕೆರೆಗೆ ಬಿಟ್ಟು ಬಂದರು. ಏರಿಯ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿತ್ತಂತೆ. ಆಮೇಲೆ ನೀರಿಗಿಳಿಯಿತಂತೆ.

ಕೇಳ್ತಾ ಇರೋರಲ್ಲಿ ಯಾರಾದರೂ ಮನೆಯ ತೊಟ್ಟಿಯಲ್ಲಿ, ಗಾಜಿನ ಟ್ಯಾಂಕಲ್ಲಿ ನಮ್ಮ ನೆಲದ ಆಮೆ ಇಟ್ಟಿದ್ದರೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಹೆದರಿ ರಾತ್ರೋರಾತ್ರಿ ಸಿಕ್ಕ ಕೆರೆಗೆ ಎಸೆಯಬೇಡಿ; ಅರಣ್ಯ ಇಲಾಖೆಗೆ ಫೋನ್ ಮಾಡಿ, ಅದು ಯಾವ ನೀರಿನದ್ದು ಅಂತ ಅವರು ನೋಡ್ತಾರೆ. ಪೆಟ್ ಅಂಗಡಿಯಿಂದ ತಂದ ಕೆಂಪುಕಿವಿಯ ವಿದೇಶಿ ಆಮೆಯನ್ನಂತೂ ಕೆರೆಗೆ ಬಿಡಲೇಬೇಡಿ, ನಮ್ಮ ಆಮೆಗಳ ಊಟವನ್ನೂ ಜಾಗವನ್ನೂ ಅದು ಕಿತ್ತುಕೊಳ್ಳುತ್ತೆ.

ನಿಮ್ಮೂರಲ್ಲಿ ಬಾವಿ ಆಮೆ ಇತ್ತಾ? ಕಲ್ಯಾಣಿಯಲ್ಲಿ ಈಗಲೂ ಇದೆಯಾ? ಇದ್ದರೆ ಮುಂದಿನ ಸಲ ಹೋದಾಗ ಆಮೆಯ ಫೋಟೋ ತೆಗೆಯೋ ಮುಂಚೆ ದಡ ನೋಡಿ. ಅದು ಹತ್ತಿ ಬರೋಕೆ ಒಂದು ಗಾಡಿ ಮರಳಿನಷ್ಟಾದರೂ ಜಾಗ ಇದೆಯಾ ಅಂತ. ನೋಡಿ ನನಗೆ ಬರೆಯಿರಿ.